ಸೌರವಿದ್ಯುತ್ತೂ ಸಾರ್ವಜನಿಕ ಜಾಲವೂ

ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 2024ರಲ್ಲಿ ಆರಂಭವಾದ ಮೇಲೆ, ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ವಸತಿಸಂಘಗಳಲ್ಲಿಯೂ ತಾರಸಿಯ ಸೌರಫಲಕಗಳ ವಿಚಾರ ಚರ್ಚೆಗೆ ಬರುತ್ತಿದೆ. ಬಿಸಿಲಿದ್ದಾಗಲೂ, ಮಹಾವಿತರಣದ ಸರಬರಾಜು ನಿಂತೊಡನೆ ಫಲಕಗಳ ವಿದ್ಯುತ್ತೂ ನಿಲ್ಲುವುದೇಕೆಂಬುದು ಹಲವರ ಸಂದೇಹ.

ಫಲಕದಿಂದ ಹೊರಡುವುದು ಒಂದೇ ದಿಕ್ಕಿನ ಪ್ರವಾಹ. ಮನೆಗೆ ಬೇಕಾದುದು ಸೆಕೆಂಡಿಗೆ 50 ಆವರ್ತಗಳುಳ್ಳ, 230 ವೋಲ್ಟಿನ ಪರ್ಯಾಯ ಪ್ರವಾಹ. ಇನ್ವರ್ಟರು ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸಿ, ಜಾಲದ ಲಯವನ್ನೇ ಅನುಸರಿಸುತ್ತ ಅದರೊಡನೆ ಸಮಾಂತರವಾಗಿ ಕೂಡಿಕೊಳ್ಳುತ್ತದೆ. ಪಂಪು, ಲಿಫ್ಟುಗಳು ಬಳಸಿ ಮಿಕ್ಕದ್ದು ಜಾಲಕ್ಕೆ ಹರಿಯುತ್ತದೆ. ಕೊಟ್ಟದ್ದನ್ನೂ ಕೊಂಡದ್ದನ್ನೂ ನೆಟ್ ಮೀಟರು ಬ್ಯಾಂಕಿನ ಖಾತೆಯಂತೆ ಬೇರೆ ಬೇರೆಯಾಗಿ ದಾಖಲಿಸುತ್ತದೆ.

ಜಾಲ ನಿಂತಾಗಲೂ ಇನ್ವರ್ಟರು ಅದಕ್ಕೆ ವಿದ್ಯುತ್ತು ಹರಿಸುತ್ತಿದ್ದರೆ, ತಂತಿಯಲ್ಲಿ ಪ್ರವಾಹವಿಲ್ಲವೆಂದು ನಂಬಿ ಕಂಬವೇರಿದ ಕೆಲಸಗಾರನ ಪ್ರಾಣಕ್ಕೇ ಅಪಾಯ. ಆದುದರಿಂದಲೇ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳು, ಅಂತಹ ಸಂದರ್ಭದಲ್ಲಿ ಅದು ಎರಡು ಸೆಕೆಂಡುಗಳೊಳಗೆ ಜಾಲಕ್ಕೆ ವಿದ್ಯುತ್ತು ಕೊಡುವುದನ್ನು ನಿಲ್ಲಿಸಬೇಕೆಂದು ವಿಧಿಸಿವೆ.

ಹೀಗಾಗಿ, ಬ್ಯಾಟರಿಯಿಲ್ಲದ ಇಂತಹ ವ್ಯವಸ್ಥೆಯು ಬಿಲ್ಲನ್ನು ಇಳಿಸುವುದೇ ಹೊರತು ಕತ್ತಲೆಯನ್ನು ನೀಗುವುದಿಲ್ಲ. ಲಿಫ್ಟು ನಿಲ್ಲಬಾರದೆನ್ನುವವರಿಗೆ ಬ್ಯಾಟರಿಯೂ, ಜಾಲದಿಂದ ಕಳಚಿಕೊಂಡು ಪ್ರತ್ಯೇಕವಾಗಿ ನಡೆಯಬಲ್ಲ ಇನ್ವರ್ಟರೂ ಬೇಕು. ಅದಕ್ಕೆ ಖರ್ಚು ಹೆಚ್ಚು. ಸಂಘದ ಸಭೆಯು ಹಣ ಮಂಜೂರು ಮಾಡುವ ಮೊದಲೇ ಈ ಭೇದವನ್ನು ಅರಿತಿರುವುದು ಲೇಸು.