ಸಾಕಿದ ಮೀನಿಗೆ ವೈರಸ್ ಬಂದರೆ ತಿನ್ನುವವರಿಗೂ ಅಪಾಯವೇ?

ಪುಣೆಯಲ್ಲಿ ಚಿಲಾಪಿ, ಚೆನ್ನೈಯಲ್ಲಿ ಜಿಲೇಬಿ ಎಂದು ಮಾರುವ ಮೀನು ತಿಲಾಪಿಯಾ. ಸಾಕಲು ಸುಲಭ, ಬೆಲೆಯೂ ಕಡಿಮೆ. ಈ ಮೀನಿಗೆ ‘ತಿಲಾಪಿಯಾ ಲೇಕ್ ವೈರಸ್’ ಎಂಬ ಹೊಸ ಸೋಂಕು ತಗಲುತ್ತಿದೆ. ಕೊಳದಲ್ಲಿ ಸತ್ತು ತೇಲುವ ಮೀನುಗಳನ್ನು ಕಂಡರೆ ಯಾರಿಗಾದರೂ ಭಯವಾಗುವುದು ಸಹಜ.

ಎಲ್ಲಿಂದ ಬಂತು?

2009ರಿಂದ ಇಸ್ರೇಲಿನಲ್ಲಿ ತಿಲಾಪಿಯಾ ಗುಂಪುಗುಂಪಾಗಿ ಸಾಯತೊಡಗಿತು. ಇದಕ್ಕೆ ಕಾರಣವಾದ ಆರ್‌ಎನ್‌ಎ ವೈರಸ್ಸನ್ನು ವಿಜ್ಞಾನಿಗಳು 2014ರಲ್ಲಿ ಗುರುತಿಸಿದರು. ಬಳಿಕ ಈಕ್ವೆಡಾರ್, ಈಜಿಪ್ಟ್, ಥಾಯ್ಲೆಂಡ್‌ಗಳಲ್ಲೂ ಪತ್ತೆಯಾಯಿತು. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಭಾರತದಲ್ಲಿ ಪಶ್ಚಿಮ ಬಂಗಾಳ ಮತ್ತು ಕೇರಳದ ಸಾಕಣೆ ಕೇಂದ್ರಗಳಲ್ಲಿ ಸೋಂಕು ದೃಢಪಟ್ಟ ವರದಿ 2018ರಲ್ಲಿ ಪ್ರಕಟವಾಯಿತು.

ಮೀನಿಗೆ ಏನಾಗುತ್ತದೆ?

ವೈರಸ್ ಮುಖ್ಯವಾಗಿ ಯಕೃತ್ತು ಮತ್ತು ಮೆದುಳಿಗೆ ಹಾನಿ ಮಾಡುತ್ತದೆ. ಮೀನು ಮೇವು ಬಿಡುತ್ತದೆ, ಚರ್ಮ ಕೆಂಪಾಗುತ್ತದೆ, ಕಣ್ಣು ಮಂಜಾಗುತ್ತದೆ. ಕೆಲವೆಡೆ ಕೊಳದ ಶೇ 90ರಷ್ಟು ಮೀನು ಸತ್ತದ್ದೂ ಉಂಟು. ಸೋಂಕಿತ ಮರಿಗಳ ಸಾಗಣೆಯಿಂದ ರೋಗ ದೂರದೂರಿಗೆ ಹರಡುತ್ತದೆ.

ನಮಗೆ ಬರುತ್ತದೆಯೇ?

ಇಲ್ಲ. ಈ ವೈರಸ್ ಮನುಷ್ಯರಿಗೆ ತಗಲಿದ ಉದಾಹರಣೆಯಿಲ್ಲ. ಇದು ಮೀನಿನ ಕಾಯಿಲೆ; ಇದರ ಪೆಟ್ಟು ಬೀಳುವುದು ಸಾಕುವವರ ಜೀವನೋಪಾಯಕ್ಕೆ.

ಹಾಗಾದರೆ ಔಷಧದ ಮಾತೇಕೆ?

ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನಲ್ಲ. ಮೀನು ಸಾಯುವುದನ್ನು ಕಂಡು ಗಾಬರಿಯಿಂದ ಆಂಟಿಬಯೋಟಿಕ್ ಹಾಕಿದರೆ ಮೀನು ಉಳಿಯುವುದಿಲ್ಲ. ಬದಲಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಕೊಳದಲ್ಲಿ ಬೆಳೆಯುತ್ತವೆ. ನಾಳೆ ನಮ್ಮ ಮನೆಯ ಮಗುವಿಗೆ ಸೋಂಕಾದಾಗ ಅದೇ ಔಷಧ ಕೈಕೊಡಬಹುದು. ಮೀನಿನ ವೈರಸ್ ನಮ್ಮನ್ನು ತಟ್ಟುವ ದಾರಿ ಇದು. ರೋಗವಿಲ್ಲದ ಮರಿಗಳನ್ನೇ ತರುವುದು, ಹೊಸ ಮರಿಗಳನ್ನು ಕೆಲದಿನ ಬೇರೆಯಾಗಿಡುವುದು, ಸತ್ತ ಮೀನನ್ನು ಕೂಡಲೇ ತೆಗೆದು ಹೂಳುವುದು: ಸಾಕುವವರಿಗೆ ಇವೇ ನಿಜವಾದ ರಕ್ಷಣೆ.

ಅಡುಗೆಮನೆಯಲ್ಲಿ ಎಚ್ಚರ

ಮೀನಿನ ಕೆಲವು ಬ್ಯಾಕ್ಟೀರಿಯಾಗಳು ಮನುಷ್ಯರಿಗೂ ತಗಲುತ್ತವೆ. 1995–96ರಲ್ಲಿ ಕೆನಡಾದ ಟೊರಾಂಟೊದಲ್ಲಿ ತಿಲಾಪಿಯಾ ಮುಂತಾದ ಹಸಿ ಮೀನು ಶುಚಿಗೊಳಿಸಿದ ಕೆಲವರಿಗೆ ಕೈಯ ಗಾಯದ ಮೂಲಕ ಸ್ಟ್ರೆಪ್ಟೊಕಾಕಸ್ ಇನಿಯೆ ಸೋಂಕು ತಗುಲಿತ್ತು. ಆದ್ದರಿಂದ:

• ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಂಡೇ ಮೀನು ಕತ್ತರಿಸಿ.
• ಮುಳ್ಳು ಚುಚ್ಚಿದರೆ ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಊತ, ಕೆಂಪು ಅಥವಾ ಜ್ವರ ಕಂಡರೆ ವೈದ್ಯರಿಗೆ ತೋರಿಸಿ, ಮೀನು ಮುಟ್ಟಿದ್ದನ್ನು ತಪ್ಪದೆ ಹೇಳಿ. ಮಧುಮೇಹ ಇರುವವರು ತಡಮಾಡಬಾರದು.
• ಸತ್ತು ತೇಲಿದ, ದುರ್ವಾಸನೆಯ ಮೀನು ಕೊಳ್ಳಬೇಡಿ.
• ಒಳಗಿನವರೆಗೂ ಚೆನ್ನಾಗಿ ಬೇಯಿಸಿ.

ಇಷ್ಟು ಪಾಲಿಸಿದರೆ ಮೀನು ಸಾರು ನಿಶ್ಚಿಂತೆಯಿಂದ ಉಣ್ಣಬಹುದು.