ಒಂದೇ ಮಂಡಿ ನೋವು ಅಂದ್ರೆ ಅಸಡ್ಡೆ ಬೇಡ

'ಅಮ್ಮಾ, ಮಂಡಿ ನೋಯ್ತಿದೆ' ಅಂತ ಹೈಸ್ಕೂಲಿಗೆ ಹೋಗುವ ಮಗ ಹೇಳಿದರೆ ನೀವೇನು ಮಾಡ್ತೀರಿ? 'ಕ್ರಿಕೆಟ್ ಆಡಿ ಉಳುಕಿಸಿಕೊಂಡಿದ್ದೀಯ' ಅಂತ ಗದರಿ, ಎಣ್ಣೆ ತಿಕ್ಕಿ, ಶಾಖ ಕೊಟ್ಟು ಮಲಗಿಸ್ತೀರಿ. ಬಹಳಷ್ಟು ಸಲ ಅಷ್ಟಕ್ಕೇ ವಾಸಿಯಾಗುತ್ತದೆ, ನಿಜ. ಆದರೆ ನೋವು ವಾರಗಟ್ಟಲೆ ಉಳಿದರೆ?

ಬೆಳೆಯುವ ವಯಸ್ಸಿನ ಸಾಮಾನ್ಯ ಕಾಲುನೋವು ಹೆಚ್ಚಾಗಿ ಎರಡೂ ಕಾಲಿಗೆ ಬರುತ್ತದೆ. ಸಂಜೆ ಇಲ್ಲವೇ ರಾತ್ರಿ ಕಾಣಿಸಿಕೊಂಡು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತದೆ. ಮಗು ಕುಂಟುವುದಿಲ್ಲ. ಹಾಗಲ್ಲದೆ ಒಂದೇ ಮಂಡಿ ನೋಯುತ್ತಿದ್ದು, ಊತ, ಕುಂಟುನಡಿಗೆ, ಕಾಲು ಮಡಚಲು ಕಷ್ಟ, ಒಂದು ತೊಡೆ ಇನ್ನೊಂದಕ್ಕಿಂತ ಸಣ್ಣಗಾಗಿರುವುದು ಕಂಡರೆ ಮೂಳೆತಜ್ಞರಿಗೆ ತೋರಿಸಿ. ಜ್ವರ ಇದ್ದರೆ, ತೂಕ ಇಳಿದರೆ, ನೋವಿಗೆ ರಾತ್ರಿ ಎಚ್ಚರವಾಗುತ್ತಿದ್ದರೆ ಒಂದು ದಿನವೂ ಕಾಯಬೇಡಿ.

ಏನಿದು ಗಡ್ಡೆ?

ಇಂಥ ನೋವಿಗೆ ಅಪರೂಪದ ಕಾರಣವೊಂದು ಕಾಂಡ್ರೋಬ್ಲಾಸ್ಟೋಮಾ. ಮೃದ್ವಸ್ಥಿಯ ಎಳೆಯ ಕೋಶಗಳಿಂದ ಮೂಳೆಯ ತುದಿಯಲ್ಲಿ, ಕೀಲಿಗೆ ಅಂಟಿದಂತೆ ಬೆಳೆಯುವ ಗಡ್ಡೆ ಇದು. ಹೆಚ್ಚಾಗಿ 10ರಿಂದ 25 ವರ್ಷದವರಲ್ಲಿ, ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. 'ಗಡ್ಡೆ' ಅಂದಕೂಡಲೇ ಎದೆ ಒಡೆದುಕೊಳ್ಳಬೇಡಿ. ಇದು ಕ್ಯಾನ್ಸರ್ ಅಲ್ಲ. ಆದರೆ ಬಿಟ್ಟರೆ ಮೂಳೆಯನ್ನು ಕೊರೆಯುತ್ತಾ ಕೀಲನ್ನೇ ಕೆಡಿಸಬಹುದು.

ಪತ್ತೆ ಹೇಗೆ?

ಮೊದಲು ಎಕ್ಸ್‌ರೇ. ಮೂಳೆಯ ತುದಿಯಲ್ಲಿ ದುಂಡನೆಯ ಕಪ್ಪು ಮಚ್ಚೆ, ಸುತ್ತ ತೆಳು ಬಿಳಿ ಅಂಚು ಕಂಡರೆ ವೈದ್ಯರಿಗೆ ಅನುಮಾನ ಬರುತ್ತದೆ. ಚಿಕ್ಕ ಗಡ್ಡೆ ಎಕ್ಸ್‌ರೇಯಲ್ಲಿ ಕಣ್ತಪ್ಪಬಹುದು. ಆದ್ದರಿಂದ 'ಎಕ್ಸ್‌ರೇ ನಾರ್ಮಲ್' ಅಂದರೂ ನೋವು ನಿಲ್ಲದಿದ್ದರೆ ಮತ್ತೆ ಹೋಗಿ, ಎಂಆರ್‌ಐ ಬೇಕೇ ಎಂದು ಕೇಳಿ. ನೋವಿನ ಮಾತ್ರೆಗೆ ನೋವು ಅಡಗಿತೆಂದು ಸುಮ್ಮನಾಗಬೇಡಿ, ಗಡ್ಡೆ ಇದ್ದಲ್ಲೇ ಇರುತ್ತದೆ.

ಮೂಳೆ ಕ್ಷಯ, ಬೇರೆ ಬಗೆಯ ಗಡ್ಡೆಗಳೂ ಚಿತ್ರದಲ್ಲಿ ಹೀಗೇ ಕಾಣಬಹುದು. ಹಾಗಾಗಿ ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯೇ ಕೊನೆಯ ತೀರ್ಮಾನ. 'ಸೂಜಿ ಚುಚ್ಚಿದರೆ ಗಡ್ಡೆ ಹರಡುತ್ತೆ' ಎಂಬ ಅಕ್ಕಪಕ್ಕದವರ ಮಾತಿಗೆ ಹೆದರಿ ತಪ್ಪಿಸಬೇಡಿ. ಮುಂದೆ ಆಪರೇಷನ್ ಮಾಡುವ ತಜ್ಞರ ಸಲಹೆಯಂತೆಯೇ ಅದನ್ನು ಮಾಡಿಸುವುದು ಒಳ್ಳೆಯದು.

ಆಮೇಲೆ?

ಗಡ್ಡೆಯನ್ನು ಕೆರೆದು ತೆಗೆದು, ಆ ಜಾಗಕ್ಕೆ ಮೂಳೆಯ ಚೂರು ಅಥವಾ ಮೂಳೆ ಸಿಮೆಂಟ್ ತುಂಬುತ್ತಾರೆ. ಹೆಚ್ಚಿನವರು ಮೊದಲಿನಂತೆ ಓಡಾಡುತ್ತಾರೆ. ಕೆಲವರಲ್ಲಿ ಗಡ್ಡೆ ಮರುಕಳಿಸುವುದುಂಟು, ತೀರಾ ವಿರಳವಾಗಿ ಶ್ವಾಸಕೋಶಕ್ಕೂ ಹೋಗಬಹುದು. ಅದಕ್ಕೇ ಕೆಲವು ವರ್ಷ ತಪಾಸಣೆ ತಪ್ಪಿಸಬಾರದು. ಮಗು ಇನ್ನೂ ಬೆಳೆಯುತ್ತಿದ್ದರೆ, ಕಾಲಿನ ಉದ್ದಕ್ಕೆ ತೊಂದರೆಯಾದೀತೇ ಎಂದು ಆಪರೇಷನ್‌ಗೆ ಮುಂಚೆಯೇ ವೈದ್ಯರನ್ನು ಕೇಳಿ.

ಒಂದು ಕೆಲಸ ಇವತ್ತೇ ಶುರುಮಾಡಿ. ನೋವು ಯಾವತ್ತು ಬಂತು, ಯಾವ ಹೊತ್ತಿಗೆ ಹೆಚ್ಚು, ಯಾವ ಮಾತ್ರೆ ಕೊಟ್ಟಿರಿ ಎಲ್ಲಾ ಬರೆದಿಡಿ. ಹಳೆಯ ಎಕ್ಸ್‌ರೇಗಳನ್ನೂ ಜೋಪಾನ ಮಾಡಿ. ವೈದ್ಯರ ಮುಂದೆ ಕೂತಾಗ ನಿಮ್ಮ ಆ ಚೀಟಿಯಿಂದ ಅರ್ಧ ಉತ್ತರ ಸಿಕ್ಕೀತು!