ಸೋನಿಕ್‌ನ ಓಟ: ಅಳತೆಗೆ ಸಿಕ್ಕ ವೇಗ, ಕಣ್ಣಿಗೆ ಕಂಡ ವೇಗ

ದಿಬ್ಬ, ಕಂದಕಗಳನ್ನು ಹಾರಿ ದಾಟುತ್ತ ಮುಂದೆ ಸಾಗಬೇಕಾದ ವಿಡಿಯೋ ಗೇಮ್‌ಗಳಿಗೆ ಪ್ಲಾಟ್‌ಫಾರ್ಮ್ ಆಟಗಳೆಂದು ಹೆಸರು. 1985ರಿಂದ ಈ ಬಗೆಯ ಆಟಗಳಲ್ಲಿ ನಿಂಟೆಂಡೊ ಕಂಪನಿಯ ಮಾರಿಯೊನದೇ ದೊರೆತನವಾಗಿದ್ದು, ಅದನ್ನು ಎದುರಿಸಲು ಜಪಾನಿನದೇ ಆದ ಸೆಗಾ ಕಂಪನಿಯು ನೆಚ್ಚಿಕೊಂಡದ್ದು ವೇಗವನ್ನು. ಪ್ರೋಗ್ರಾಂ ಬರೆದ ಯೂಜಿ ನಾಕಾ, ಪಾತ್ರವನ್ನು ಚಿತ್ರಿಸಿದ ನಾವೊಟೊ ಓಶಿಮಾ ಮತ್ತು ಆಟದ ಹಂತಗಳನ್ನು ರೂಪಿಸಿದ ಹಿರೊಕಾಜು ಯಾಸುಹರಾ ಅವರ ದುಡಿಮೆಯಿಂದ 1991ರಲ್ಲಿ ‘ಸೋನಿಕ್ ದ ಹೆಜ್‌ಹಾಗ್’ ಹೊರಬಂದಿತು.

ಪರದೆಯ ಚಿತ್ರವನ್ನು ಕಟ್ಟುವ ಚುಕ್ಕಿಗೆ ಪಿಕ್ಸೆಲ್ ಎಂದೂ ಸೆಕೆಂಡಿಗೆ 60 ಬಾರಿ ಬದಲಾಗುವ ಒಂದೊಂದು ಚಿತ್ರಕ್ಕೆ ಫ್ರೇಮ್ ಎಂದೂ ಹೇಳುತ್ತಾರೆ. ಸಮತಟ್ಟಾದ ನೆಲದಲ್ಲಿ ಸೋನಿಕ್ ತನ್ನ ಓಟದಿಂದಲೇ ಮುಟ್ಟಬಲ್ಲ ಗರಿಷ್ಠ ವೇಗ ಫ್ರೇಮ್‌ಗೆ 6 ಪಿಕ್ಸೆಲ್. ಮಾರಿಯೊನದು ಸುಮಾರು 2.5. ಆದರೆ ಸೋನಿಕ್‌ನ ಎತ್ತರ ಸುಮಾರು 40 ಪಿಕ್ಸೆಲ್, ಪುಟ್ಟ ಮಾರಿಯೊನದು 16. ಆದ್ದರಿಂದ ಅವರವರ ಮೈಯನ್ನೇ ಅಳತೆಗೋಲಾಗಿಟ್ಟುಕೊಂಡು ನೋಡಿದರೆ, ಇಬ್ಬರೂ ಸೆಕೆಂಡಿಗೆ ತಮ್ಮ ಎತ್ತರದ ಒಂಬತ್ತು ಪಟ್ಟಿನಷ್ಟು ದೂರವನ್ನೇ ಕ್ರಮಿಸುತ್ತಾರೆ!

ಹೀಗಿದ್ದರೂ ಸೋನಿಕ್‌ನ ಓಟ ಬಿರುಸಾಗಿ ಕಾಣುವುದಕ್ಕೆ ಹಲವು ಉಪಾಯಗಳು ಕಾರಣ. ಬಸ್ಸಿನ ಕಿಟಕಿಯಿಂದ ನೋಡುವಾಗ ಹತ್ತಿರದ ಮರಗಳು ಸರ್ರನೆ ಹಿಂದೆ ಸರಿದರೂ ದೂರದ ಬೆಟ್ಟ ಮೆಲ್ಲಗೆ ಜರುಗುವಂತೆ, ಹಿನ್ನೆಲೆಯ ಮೋಡ, ಬೆಟ್ಟ, ನೀರು ಬೇರೆ ಬೇರೆ ವೇಗದಲ್ಲಿ ಸರಿಯುತ್ತವೆ. ಪ್ಯಾರಲಾಕ್ಸ್ ಎನ್ನುವ ಈ ತಂತ್ರವು 1982ರ ‘ಮೂನ್ ಪೆಟ್ರೋಲ್’ ಆಟದಲ್ಲಿಯೇ ಇತ್ತು. ಗರಿಷ್ಠ ವೇಗ ತಲುಪಲು ಎರಡು ಸೆಕೆಂಡಿಗೂ ಹೆಚ್ಚು ಕಾಲ ಹಿಡಿಯುವುದರಿಂದ ಆಟಗಾರನಿಗೆ ವೇಗದ ಜೊತೆಗೆ ಅದರ ಏರಿಕೆಯೂ ಅರಿವಿಗೆ ಬರುತ್ತದೆ, ಮತ್ತು ಆ ಮಿತಿ ಮುಟ್ಟಿದೊಡನೆ ಕಾಲುಗಳ ಚಿತ್ರವೇ ಬದಲಾಗಿ ಸುತ್ತುವ ಚಕ್ರದಂತಾಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಮುನ್ನೋಟದ ಕೊರತೆ. ಪರದೆಯ ಅಗಲ 320 ಪಿಕ್ಸೆಲ್, ಸೋನಿಕ್ ಇರುವುದು ಹೆಚ್ಚುಕಡಿಮೆ ಅದರ ನಡುವೆ. ಎಂದರೆ ಸೆಕೆಂಡಿಗೆ 360 ಪಿಕ್ಸೆಲ್ ಓಡುವವನಿಗೆ ಎದುರು ಕಾಣುವುದು 160 ಮಾತ್ರ, ಬಲಗಡೆಯ ಅಂಚಿನಲ್ಲಿ ಮೂಡಿದ ಮುಳ್ಳು ಅರ್ಧ ಸೆಕೆಂಡಿನೊಳಗೆ ಮೈಗೆ ತಾಗುತ್ತದೆ. ಮಾರಿಯೊನಿಗೆ ಇಂತಹ ಕಡೆ ಸುಮಾರು ಒಂದು ಸೆಕೆಂಡಿನ ಬಿಡುವು ದೊರೆಯುತ್ತದೆ. ಹಾಗಾಗಿ ಸೋನಿಕ್‌ನ ವೇಗವೆಂದು ಹೊಗಳಲಾದುದರಲ್ಲಿ ಒಂದು ದೊಡ್ಡ ಪಾಲು ಆಟಗಾರನ ಗಾಬರಿಯೇ ಎನ್ನಬೇಕು. ಸೆಗಾಗೂ ಇದು ತಿಳಿಯದೆ ಇರಲಿಲ್ಲವೆಂದು ತೋರುತ್ತದೆ: 1993ರ ‘ಸೋನಿಕ್ ಸಿಡಿ’ಯಲ್ಲಿ ವೇಗ ಹೆಚ್ಚಿದಾಗ ನೋಟವು ಓಟದ ದಿಕ್ಕಿಗೆ ಸರಿದು, ಮುಂದಿನ ದಾರಿ ಇನ್ನಷ್ಟು ಕಾಣುವ ಏರ್ಪಾಡು ಬಂದಿತು. 1994ರ ‘ಸೋನಿಕ್ 3’ರಲ್ಲಿ ಅದನ್ನು ಮುಂದುವರಿಸಲಿಲ್ಲ.